ಚೆಲ್ಲಿದ ನೀರು ಒರೆಸುವವರು

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಚಿಕ್ಕಮಕ್ಕಳಿಗೆಂದು ಒಂದು ಕೋಣೆ ತೆರೆಯಿತು. ತೆರೆಸಿದ್ದು ಮಕ್ಕಳ ಮೇಲಿನ ಮಮತೆಯಲ್ಲ, ಸುಣ್ಣಬಣ್ಣದ ಖರ್ಚು. ಅಲ್ಲಿನ ಹಾಳುಬಿದ್ದ ಕಟ್ಟಡಗಳನ್ನು ರಿಪೇರಿ ಮಾಡಿಸಿ ಕೂಲಿಕಾರರ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದ ಕಂಪನಿಗೆ ಒಂದು ತಲೆನೋವು ಅಂಟಿಕೊಂಡಿತ್ತು. ಬೆಳಗಾಗುತ್ತಲೇ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ದೊಡ್ಡ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದವು. ಉಳಿದ ಪುಟಾಣಿಗಳು ಮೆಟ್ಟಿಲ ಮೇಲೆ ಬಿದ್ದೆದ್ದು ಓಡಾಡಿ, ಹೊಸ ಗೋಡೆಗಳನ್ನು ಗೀಚಿ ಕೆರೆದು ಹಾಳುಮಾಡುತ್ತಿದ್ದವು. ಮತ್ತೆ ಮತ್ತೆ ಸುಣ್ಣ ಬಳಿಸುವುದಕ್ಕಿಂತ ಇವುಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸಿ, ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟರೆ ಅಗ್ಗ ಎಂದು ಲೆಕ್ಕ ಹಾಕಿದರು. ದುಬಾರಿ ಶಿಶುಶಿಕ್ಷಣವೆಂದು ಈಗ ಹೆಸರಾಗಿರುವ ಪದ್ಧತಿ ಹುಟ್ಟಿದ್ದು ಮನೆಮಾಲೀಕರ ಈ ಉಳಿತಾಯದಿಂದ.

ಅವರು ಕರೆಸಿಕೊಂಡದ್ದು ಮರಿಯಾ ಮಾಂಟೆಸರಿ ಎಂಬ 36 ವರ್ಷದ ಡಾಕ್ಟರನ್ನು. 1896ರಲ್ಲಿ ವೈದ್ಯಪದವಿ ಪಡೆದು, ದಡ್ಡರೆಂದು ಮೂಲೆಗೆ ತಳ್ಳಿದ್ದ ಮಕ್ಕಳ ಜೊತೆ ಕೆಲಸ ಮಾಡಿ ಬಂದವರು. ಅಂಥ ಮಕ್ಕಳಿಗೆಂದು ಫ್ರಾನ್ಸಿನ ಸೆಗೆನ್ ಎಂಬ ವೈದ್ಯ ರೂಪಿಸಿದ್ದ ಸಾಧನಗಳನ್ನು ತಿದ್ದಿತೀಡಿ ಸಾನ್ ಲೊರೆಂಜೊದ ಮಕ್ಕಳ ಮುಂದಿಟ್ಟರು. ದಿನವಿಡೀ ಜೊತೆಗಿರಲು ಸಿಕ್ಕ ಹೆಂಗಸಿಗೆ ಶಿಕ್ಷಕಿಯ ತರಬೇತಿ ಇರಲಿಲ್ಲ. ಒಂದು ದಿನ ಆಕೆ ಸಾಮಾನಿನ ಬೀರುವಿಗೆ ಬೀಗ ಹಾಕುವುದನ್ನು ಮರೆತಳಂತೆ. ಮರುದಿನ ಬಂದು ನೋಡಿದರೆ ಮಕ್ಕಳು ತಂತಮಗೆ ಬೇಕಾದ್ದನ್ನು ತೆಗೆದುಕೊಂಡು ಆಗಲೇ ಕೆಲಸಕ್ಕೆ ಕೂತಿದ್ದವು. ಆಕೆ ಅದನ್ನು ಕಳ್ಳತನ ಅಂದುಕೊಂಡಳು. ಮಾಂಟೆಸರಿ ಅದನ್ನು ಆಯ್ಕೆ ಅಂದುಕೊಂಡರು. ಆಮೇಲೆ ಬೀಗದ ಬೀರು ಹೋಗಿ, ಮಗುವಿನ ಕೈಗೆ ಎಟಕುವ ತೆರೆದ ಕಪಾಟು ಬಂತು. ಇವತ್ತಿಗೂ ಯಾವ ಮಾಂಟೆಸರಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಅದೇ.

ಬಡವರ ಮಕ್ಕಳಿಗೆ ಹುಟ್ಟಿದ ಪದ್ಧತಿ ಉಳ್ಳವರ ಸೊತ್ತಾಯಿತು ಎಂಬ ಮಾತು ಹಳೆಯದು. ಗೂಗಲ್ ಕಟ್ಟಿದ ಇಬ್ಬರೂ ಓದಿದ್ದು ಮಾಂಟೆಸರಿಯಲ್ಲಿ ಎಂದು ಫ್ಲೆಕ್ಸ್ ಹಾಕಿಕೊಂಡಿರುವವರನ್ನು ಬೆಂಗಳೂರಿನ ಯಾವ ಲೇಔಟಿನಲ್ಲಾದರೂ ನೋಡಬಹುದು. ಆ ಹೆಸರು ಯಾರೊಬ್ಬರ ಟ್ರೇಡ್‌ಮಾರ್ಕೂ ಅಲ್ಲ, ಯಾರು ಬೇಕಾದರೂ ಬೋರ್ಡು ಬರೆಸಬಹುದು, ಬರೆಸಿದ್ದಾರೆ. ಅದರ ಬಗ್ಗೆ ಗೊಣಗುವುದು ಸುಲಭ. ನನ್ನನ್ನು ಕಾಡುವುದು ಹೆಸರಿಗಷ್ಟೇ ಮಾಂಟೆಸರಿಯಾದ ಜಾಗಗಳಲ್ಲ. ಎಲ್ಲವನ್ನೂ ಶ್ರದ್ಧೆಯಿಂದ, ಪುಸ್ತಕದಲ್ಲಿ ಹೇಳಿದ ಹಾಗೆಯೇ ಮಾಡುವ ಒಳ್ಳೆಯ ಜಾಗದಲ್ಲಿ ಕಂಡದ್ದೇ ನನ್ನ ತಲೆ ಕೊರೆಯುತ್ತಿದೆ.

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಮನೆಯೊಂದರಲ್ಲಿರುವ ಆ ಶಾಲೆಯಲ್ಲಿ ಕೆಲವು ಬೆಳಗುಗಳನ್ನು ಕಳೆಯುವ ಅವಕಾಶ ಸಿಕ್ಕಿತು. ನೋಡಲು ಬಂದವರಿಗೆ ಗೋಡೆಯ ಪಕ್ಕ ಒಂದು ಗಿಡ್ಡ ಕುರ್ಚಿ ಹಾಕಿಕೊಡುತ್ತಾರೆ. ಮಕ್ಕಳನ್ನು ಮಾತಾಡಿಸಬಾರದು, ಮುದ್ದು ಮಾಡಬಾರದು, ಸುಮ್ಮನೆ ನೋಡಬೇಕು. ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಒಬ್ಬಳು ನೆಲದ ಮೇಲೆ ಚಾಪೆ ಬಿಡಿಸಿ, ಹತ್ತು ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನವರೆಗೆ ಇಳಿಯುವ ಗುಲಾಬಿ ಬಣ್ಣದ ಹತ್ತು ಘನಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಇನ್ನೊಬ್ಬ ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ಬಟ್ಟೆಯ ಗುಂಡಿಗಳನ್ನು ಹಾಕಿ ಬಿಚ್ಚಿ ಮಾಡುತ್ತಿದ್ದ. ಪ್ರತಿ ಸಾಮಾನೂ ಒಂದೊಂದೇ ಇರುತ್ತದೆ. ಬೇಕಾದರೆ ಇನ್ನೊಬ್ಬರು ಮುಗಿಸಿ ಕಪಾಟಿಗೆ ಇಡುವವರೆಗೆ ಕಾಯಬೇಕು. ಮೂವತ್ತು ಮಕ್ಕಳಿದ್ದರೂ ಗದ್ದಲವಿಲ್ಲ, ಆದರೆ ಬಾಯಿಮುಚ್ಚಿಸಿದ ಮೌನವೂ ಅಲ್ಲ. ಕೈಗಳು ಕೆಲಸದಲ್ಲಿದ್ದಾಗ ತಾನಾಗಿ ಬರುವ ಒಂದು ಗುಜುಗುಜು.

ಕಿಟಕಿಯ ಪಕ್ಕ ನಾಲ್ಕು ವರ್ಷದ ಹುಡುಗನೊಬ್ಬ ಜಗ್ಗಿನಿಂದ ಜಗ್ಗಿಗೆ ನೀರು ಸುರಿಯುತ್ತಿದ್ದ. ಟ್ರೇ, ಎರಡು ಚಿಕ್ಕ ಗಾಜಿನ ಜಗ್ಗು, ಒಂದು ಸ್ಪಂಜು. ಮೊದಲು ರಾಗಿ, ಆಮೇಲೆ ಅವರೆಕಾಳು, ಅವು ಕೈಗೆ ಹತ್ತಿದ ಮೇಲೆ ನೀರು, ಇದು ಕ್ರಮ. ಅವನಿಗೆ ನೀರು ಹೊಸದೆಂದು ಕಾಣುತ್ತದೆ. ಉಸಿರು ಬಿಗಿಹಿಡಿದು ಸುರಿದ. ಚೆಲ್ಲಿತು. ಸ್ಪಂಜನ್ನು ನೀರಿನ ಮೇಲೆ ಇಟ್ಟು, ಒತ್ತಿ, ಎತ್ತಿ, ಕೆಳಗಿದ್ದ ಪುಟ್ಟ ಬಕೆಟ್ಟಿಗೆ ಎರಡೂ ಕೈಯಿಂದ ಹಿಂಡಿದ. ತೊಟ್ಟಿಕ್ಕಿದ್ದನ್ನು ನೋಡಿದ. ಮತ್ತೆ ಹಿಂಡಿದ. ಮತ್ತೆ ಸುರಿದ, ಈ ಸಲ ಚೆಲ್ಲಿದ್ದು ಕೈ ತಪ್ಪಿ ಅಂತ ನನಗನ್ನಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ಸ್ಪಂಜು. ದೂರದಲ್ಲಿ ನಿಂತಿದ್ದ ಆಂಟಿ (ಅಲ್ಲಿ ಟೀಚರನ್ನು ಹಾಗೆ ಕರೆಯುತ್ತಾರೆ) ನೋಡಿಯೂ ಅಲುಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡೇ ಇದ್ದರು. ಸಹಾಯ ಮಾಡಲು ಮುಂದಾಗುವ ಕೈಯನ್ನು ತಡೆದುಕೊಳ್ಳುವುದು ಈ ತರಬೇತಿಯ ಅರ್ಧ ಪಾಠ, ಅದು ಅವರಿಗೆ ಚೆನ್ನಾಗಿ ಬಂದಿತ್ತು.

ಅಷ್ಟರಲ್ಲಿ ಮಾಪು ಹಿಡಿದು ಆ ಕಡೆಯಿಂದ ಬಂದ ಆಯಮ್ಮ ಮೇಜಿನ ಕೆಳಗೆ ಹರಿದಿದ್ದ ನೀರನ್ನು ಒಂದೇ ಎಳೆತದಲ್ಲಿ ಒರೆಸಿಬಿಟ್ಟರು. ಹುಡುಗ ಕೈಯಲ್ಲಿ ಸ್ಪಂಜು ಹಿಡಿದು ಒಂದು ಕ್ಷಣ ನೋಡಿದ. ಆಮೇಲೆ ಅದನ್ನು ಟ್ರೇಯಲ್ಲಿ ಬಿಸಾಕಿ ಬೇರೆ ಕಡೆ ಹೋದ. ಆಂಟಿ ಹತ್ತಿರ ಬಂದು ದನಿ ತಗ್ಗಿಸಿ, “ಬಿಡ್ಬೇಕಿತ್ತು ಆಯಮ್ಮ, ಅವನೇ ಒರೆಸ್ತಿದ್ದ” ಅಂದರು. ಆಯಮ್ಮ ಮಾಪು ಹಿಂಡುತ್ತ, “ಯಾವುದಾದ್ರೂ ಮಗು ಜಾರಿ ಬಿದ್ರೆ ಆಮೇಲೆ ಕೇಳೋದು ನನ್ನೇ ತಾನೆ?” ಅಂದರು.

ಇಬ್ಬರ ಮಾತೂ ಸರಿಯೇ. ಆಂಟಿಯ ಬಗ್ಗೆ ನನಗೆ ಗೌರವ ಕಡಿಮೆಯಾಗಲಿಲ್ಲ. ಆದರೆ ಆ ಕೋಣೆಯ ಒಂದು ವಿಷಯ ಥಟ್ಟನೆ ಕಣ್ಣಿಗೆ ಬಿತ್ತು. ಅಲ್ಲಿ ಎರಡು ತರಹದ ಒರೆಸುವಿಕೆ ಇತ್ತು. ಒಂದು ಪಾಠ, ಅದಕ್ಕೆ ಸ್ಪಂಜು. ಇನ್ನೊಂದು ಕೆಲಸ, ಅದಕ್ಕೆ ಮಾಪು. ಪಾಠದ ಒರೆಸುವಿಕೆಯನ್ನು ಹೇಗೆ ತೋರಿಸಬೇಕೆಂದು ಆಂಟಿಯರ ದಪ್ಪ ಆಲ್ಬಮ್ಮುಗಳಲ್ಲಿ ಹಂತಹಂತವಾಗಿ ಬರೆದಿರುತ್ತದೆ. ಕೆಲಸದ ಒರೆಸುವಿಕೆ ಯಾವ ಆಲ್ಬಮ್ಮಿನಲ್ಲೂ ಇಲ್ಲ. ಅದನ್ನು ಮಾಡುವವರಿಗೆ ಆ ಕೋಣೆಯ ತತ್ವ ಏನೆಂದು ಯಾರೂ ಕೂತು ಹೇಳಿಯೂ ಇಲ್ಲ. ಮಗು ನೋಡುವುದು ಎರಡನ್ನೂ.

ಮಗು ನೋಡುವುದು ಎರಡನ್ನೂ ಎಂಬುದು ನನ್ನ ಸಂಶೋಧನೆಯಲ್ಲ, ಮಾಂಟೆಸರಿಯದೇ ಮಾತಿನ ತಿರುಳು. ಅವರು ಭಾರತಕ್ಕೆ ಬಂದದ್ದು 1939ರ ಕೊನೆಯಲ್ಲಿ, ಥಿಯಾಸಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣೀದೇವಿಯವರ ಕರೆಯ ಮೇಲೆ. ಮದರಾಸಿನ ಅಡ್ಯಾರಿನಲ್ಲಿ ಗರಿ ಹೊದೆಸಿದ ಚಪ್ಪರಗಳ ಕೆಳಗೆ ತರಬೇತಿ ಶುರುವಾಯಿತು. ಕೆಲವು ತಿಂಗಳು ಇದ್ದು ಹೋಗುವ ಯೋಚನೆ. ಆದರೆ 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿಯಿತು, ಬ್ರಿಟಿಷರಿಗೆ ಇವರು ಶತ್ರುದೇಶದವರಾದರು. ಮಗ ಮಾರಿಯೊನನ್ನು ಬಂಧಿಸಿಟ್ಟರು. ಅಮ್ಮನಿಗೆ ಎಪ್ಪತ್ತು ತುಂಬಿದ ದಿನ ಬಿಟ್ಟರು. ಅಡ್ಯಾರಿನ ಸೆಕೆ, ಕೊಡೈಕನಾಲಿನ ಚಳಿ, ಒಂದಾದ ಮೇಲೊಂದು ಊರಿನ ತರಬೇತಿ ಶಿಬಿರ, ಹೀಗೆ ಯುದ್ಧ ಮುಗಿಯುವವರೆಗೂ ಇಲ್ಲೇ ಉಳಿದರು, ಹೋದವರು ಮತ್ತೆ ಬಂದರು. ಅವರ ಪ್ರಸಿದ್ಧ ಪುಸ್ತಕಗಳಲ್ಲೊಂದು ಇಲ್ಲಿನ ಉಪನ್ಯಾಸಗಳಿಂದಲೇ ಹುಟ್ಟಿ 1949ರಲ್ಲಿ ಅಡ್ಯಾರಿನಲ್ಲೇ ಅಚ್ಚಾಯಿತು. ಅದರ ಹೃದಯದಲ್ಲಿರುವ ವಿಚಾರ ಇಷ್ಟು: ಹುಟ್ಟಿನಿಂದ ಆರು ವರ್ಷದವರೆಗೆ ಮಗು ಕಲಿಯುವುದಿಲ್ಲ, ಹೀರಿಕೊಳ್ಳುತ್ತದೆ. ಸುತ್ತ ಏನಿದೆಯೋ ಅದು ಅದರ ನೆನಪಾಗಿ ಉಳಿಯದೆ ಅದರ ಮೈಯೇ ಆಗಿಬಿಡುತ್ತದೆ. ತಾಯ್ನುಡಿಯನ್ನು ಯಾವ ಮಗುವೂ ಪಾಠ ಹೇಳಿಸಿಕೊಂಡು ಕಲಿಯುವುದಿಲ್ಲವಲ್ಲ, ಹಾಗೆ.

ಹೀರುವ ಮನಸ್ಸಿಗೆ ಸೋಸುವ ಜರಡಿ ಇಲ್ಲ. ಗುಲಾಬಿ ಗೋಪುರದ ಅಳತೆ ಒಳಗಿಳಿಯುವ ದಾರಿಯಲ್ಲೇ ಮಾಪು ಯಾರ ಕೈಯಲ್ಲಿದೆ ಎಂಬುದೂ ಒಳಗಿಳಿಯುತ್ತದೆ. ಯಾರು ಕುರ್ಚಿಯಲ್ಲಿ ಕೂರುತ್ತಾರೆ, ಯಾರು ಬಾಗಿಲ ಹತ್ತಿರ ನೆಲದ ಮೇಲೆ ಕೂತು ಊಟ ಮಾಡುತ್ತಾರೆ, ಯಾರಿಗೆ ‘ಥ್ಯಾಂಕ್ಯೂ’ ಹೇಳಲು ಕಲಿಸುತ್ತಾರೆ, ಯಾರಿಗೆ ಹೇಳದಿದ್ದರೂ ನಡೆಯುತ್ತದೆ, ಎಲ್ಲವೂ.

ಭಾಷೆಯದು ಇನ್ನೂ ಸೂಕ್ಷ್ಮ. ಆಂಟಿಯರ ಜೊತೆ ಮಕ್ಕಳ ಮಾತು ಇಂಗ್ಲಿಷಿನಲ್ಲಿ. ಆಯಮ್ಮನ ಜೊತೆ ಕನ್ನಡದಲ್ಲಿ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ, ಆಂಟಿಯರಲ್ಲಿ ಹೆಚ್ಚಿನವರು ಕನ್ನಡದವರೇ. ಮನೆಯಲ್ಲಿ ಹಿಂದಿ ಆಡುವ ಮೂರು ವರ್ಷದ ಹುಡುಗಿಯೊಬ್ಬಳು ನೀರು ಬೇಕಾದಾಗ ಆಯಮ್ಮನ ಹತ್ತಿರ ಹೋಗಿ “ನೀರು ಕೊಡಿ” ಅಂದಳು. ಅದೇ ಬಾಯಲ್ಲಿ ತಿರುಗಿ ಆಂಟಿಗೆ ಇಂಗ್ಲಿಷಿನಲ್ಲಿ ಇನ್ನೇನೋ ಹೇಳಿದಳು. ಕೇಳಿ ಮೊದಲು ಖುಷಿಯಾಯಿತು, ಪರವಾಗಿಲ್ಲ, ಎರಡು ಮಾತು ಬಂದವು ಅಂತ. ಆಮೇಲೆ ಯೋಚಿಸಿದರೆ ಆ ಮಗು ಹೀರಿಕೊಂಡದ್ದು ಎರಡು ಭಾಷೆಗಳನ್ನಷ್ಟೇ ಅಲ್ಲ. ನೆಲ ಒರೆಸುವವರು, ಮೂಗು ಒರೆಸುವವರು, ಡಬ್ಬಿ ತೊಳೆಯುವವರು ಒಂದು ಭಾಷೆ ಆಡುತ್ತಾರೆ. ತೋರಿಸುವವರು, ಕಲಿಸುವವರು ಇನ್ನೊಂದು ಆಡುತ್ತಾರೆ. ಕನ್ನಡ ಉಳಿಸುವ ಸಭೆಗಳಲ್ಲಿ ನಾವು ಪಠ್ಯಪುಸ್ತಕ, ಮಾಧ್ಯಮ, ಕೋರ್ಟಿನ ತೀರ್ಪು ಎಂದು ಗಂಟೆಗಟ್ಟಲೆ ಮಾತಾಡುತ್ತೇವೆ. ಅಷ್ಟು ಹೊತ್ತಿಗೆ ಪಾಠವೇ ಇಲ್ಲದ ಈ ಪಾಠ ಮೂರನೇ ವಯಸ್ಸಿನಲ್ಲಿ ಮುಗಿದುಹೋಗಿರುತ್ತದೆ.

ಅಲ್ಲಿ ಕನ್ನಡದ ಅಕ್ಷರಗಳೂ ಇದ್ದವು ಅನ್ನಿ. ಹಲಗೆಯ ಮೇಲೆ ಸ್ಯಾಂಡ್‌ಪೇಪರಿನಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳು. ಮಗು ಎರಡು ಬೆರಳಿನಿಂದ ಅದರ ಮೇಲೆ ತಿದ್ದುತ್ತ ಧ್ವನಿಯನ್ನು ಹೇಳುತ್ತದೆ. ಬೆರಳಿಗೆ ಗೊತ್ತಾದ ಮೇಲೆ ಪೆನ್ಸಿಲಿಗೆ ಗೊತ್ತಾಗುವುದು ತಡವಲ್ಲ. ಸಾನ್ ಲೊರೆಂಜೊದಲ್ಲಿ ನಾಲ್ಕು, ಐದು ವರ್ಷದ ಮಕ್ಕಳು ಯಾರೂ ಹೇಳದೆ ಒಮ್ಮೆಲೇ ಬರೆಯತೊಡಗಿದ್ದನ್ನು ಕೇಳಿಯೇ ದೂರದೂರದಿಂದ ಜನ ನೋಡಲು ಬಂದದ್ದು. ಇದು ನಮಗೆ ಪೂರ್ತಿ ಹೊಸದೂ ಅಲ್ಲ, ಕೂಲಿಮಠದಲ್ಲಿ ಮರಳು ಹರಡಿ ಅದರ ಮೇಲೆ ಬೆರಳಿನಿಂದ ತಿದ್ದಿ ತಿದ್ದಿ ಕಲಿತ ತಲೆಮಾರುಗಳು ಇಲ್ಲಿ ಆಗಿಹೋಗಿವೆ, ವಿಜಯದಶಮಿಯ ದಿನ ಅಕ್ಕಿಯ ಮೇಲೆ ಅಕ್ಷರಾಭ್ಯಾಸ ಈಗಲೂ ನಡೆಯುತ್ತದೆ. ವ್ಯತ್ಯಾಸ ಇರುವುದು ಒಂದು ಕಡೆ. ನಮ್ಮಲ್ಲಿ ದೊಡ್ಡವರ ಕೈ ಮಗುವಿನ ಕೈಯನ್ನು ಹಿಡಿದುಕೊಂಡಿರುತ್ತದೆ. ಅಲ್ಲಿ ಒಂದು ಸಲ ನಿಧಾನವಾಗಿ ತೋರಿಸಿ ಬಿಟ್ಟುಬಿಡುತ್ತಾರೆ. ಕನ್ನಡಕ್ಕೆ ಈ ಪದ್ಧತಿಯನ್ನು ಒಗ್ಗಿಸುವುದು ಹುಡುಗಾಟವಲ್ಲ. ಇಂಗ್ಲಿಷಿಗೆ ಒಂದು ಪೆಟ್ಟಿಗೆ ತುಂಬ ಬಿಡಿ ಅಕ್ಷರವಿದ್ದರೆ ಮಗು ಪದ ಕಟ್ಟುತ್ತದೆ. ‘ಕುದುರೆ’ ಅಂತ ಕಟ್ಟಬೇಕಾದರೆ ಕೊಂಬು ಬೇಕು, ಎತ್ವ ಬೇಕು. ‘ಅಜ್ಜಿ’ಗೆ ಗುಡಿಸು ಬೇಕು, ಕೆಳಗೆ ಒತ್ತೂ ಬೇಕು. ಇದನ್ನೆಲ್ಲ ಬಿಡಿ ತುಂಡುಗಳಾಗಿ ಕತ್ತರಿಸಿ, ಬಣ್ಣ ಬೇರೆ ಮಾಡಿ, ತಾವೇ ಕೂತು ಪೆಟ್ಟಿಗೆ ಮಾಡಿಕೊಂಡ ಶಿಕ್ಷಕಿಯರಿದ್ದಾರೆ. ನಾನು ನೋಡಿದ ಕೋಣೆಯಲ್ಲಿ ಆ ಪೆಟ್ಟಿಗೆ ಇತ್ತು. ನಾನಿದ್ದಷ್ಟು ಹೊತ್ತು ಅದನ್ನು ಯಾರೂ ಕಪಾಟಿನಿಂದ ಇಳಿಸಲಿಲ್ಲ.

ಗೇಟಿನ ಹತ್ತಿರ ಮಕ್ಕಳಿಗೆ ಕಾಯುವ ಅಮ್ಮಂದಿರ ಮಾತು ಕೇಳಬೇಕು. “ಇಷ್ಟು ಫೀಸ್ ಕಟ್ಟಿ ಏನ್ರೀ ಕಲ್ತಿದ್ದು ಅಂದ್ರೆ, ಬೇಳೆ ಆರಿಸೋದು, ಟೇಬಲ್ ಒರೆಸೋದು ಅಂತೆ!” ಎಂದು ಒಬ್ಬರು ನಕ್ಕರು. ನಗುವಿನಲ್ಲಿ ಅರ್ಧ ಆತಂಕವೂ ಇತ್ತು. ಇನ್ನೊಬ್ಬರು, ಹುಡುಗ ಮನೆಯಲ್ಲಿ ತಟ್ಟೆ ತಾನೇ ಎತ್ತಿಡುತ್ತೇನೆಂದು ಹಟ ಮಾಡುತ್ತಾನೆ, ಅಜ್ಜಿ ಬಿಡುವುದಿಲ್ಲ ಎಂದರು. ಅಜ್ಜಿ ಹೇಳುವುದೇನಂತೆ? “ಬಿಡು ಪುಟ್ಟಾ, ಕೆಲಸದವಳು ಬರ್ತಾಳೆ.” ಅಜ್ಜಿಯ ಈ ಮಾತಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇಲ್ಲ, ತೊಡಕಿರುವುದೂ ಅಲ್ಲೇ. ಮಗುವಿಗೆ ತುತ್ತು ಕಲಸಿ ಬಾಯಿಗಿಡುವುದು, ಬೂಟಿನ ಲೇಸು ಕಟ್ಟುವುದು, ಬ್ಯಾಗು ಹೊರುವುದು ನಮ್ಮಲ್ಲಿ ಅಕ್ಕರೆಯ ಗುರುತು. ಮಗು ತಾನೇ ಮಾಡಿಕೊಂಡರೆ ಮನೆಯವರು ಕಡೆಗಣಿಸಿದ್ದಾರೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ಅದಕ್ಕೂ ಹಿಂದೆ ಇನ್ನೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ನಾಡಿನಲ್ಲಿ ಓದು ಎಂದರೆ ಕೈಕೆಲಸದಿಂದ ಬಿಡುಗಡೆ. ಓದಿದವನು ಪೊರಕೆ ಹಿಡಿಯುವುದಿಲ್ಲ, ಪೊರಕೆ ಹಿಡಿಯುವವನನ್ನು ನೂರಾರು ವರ್ಷ ಓದಲು ಬಿಟ್ಟಿಲ್ಲ. ಪೊರಕೆಗೆ ಜಾತಿಯಿದೆ, ಮಾಪಿಗೂ ಇದೆ. ಅಂಥಲ್ಲಿಗೆ ಒಬ್ಬ ಇಟಲಿಯ ಡಾಕ್ಟರು ಬಂದು, ಮೂರು ವರ್ಷದ ಮಗುವಿನ ಮೊದಲ ವಿದ್ಯೆ ಗುಡಿಸುವುದು ಎಂದರೆ, ನಾವು ತಲೆಯಾಡಿಸಿ ಗುಲಾಬಿ ಗೋಪುರ ಇಟ್ಟುಕೊಂಡು ಪೊರಕೆಯನ್ನು ಆಟಿಕೆ ಮಾಡಿಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಸಾನ್ ಲೊರೆಂಜೊದ ಇನ್ನೊಂದು ಪ್ರಸಂಗವನ್ನು ಮಾಂಟೆಸರಿಯೇ ಬರೆದಿದ್ದಾರೆ. ಒಂದು ದಿನ ಮಕ್ಕಳಿಗೆ ಮೂಗು ಸೀನಿಕೊಳ್ಳುವುದನ್ನು ತೋರಿಸೋಣ ಅನ್ನಿಸಿತಂತೆ. ಕರವಸ್ತ್ರ ತೆಗೆದು, ಸದ್ದಾಗದಂತೆ, ಯಾರ ಗಮನಕ್ಕೂ ಬಾರದಂತೆ ಮೂಗು ಒರೆಸಿಕೊಳ್ಳುವುದನ್ನು ಗಂಭೀರವಾಗಿ ಮಾಡಿ ತೋರಿಸಿದರು. ಮಕ್ಕಳು ನಗಬಹುದೆಂದುಕೊಂಡಿದ್ದರು. ಯಾರೂ ನಗಲಿಲ್ಲ. ಮುಗಿದ ಕೂಡಲೇ ಚಪ್ಪಾಳೆ ತಟ್ಟಿದವು. ಸಿಂಬಳಬುರುಕ ಎಂದು ದಿನಬೆಳಗಾದರೆ ಬೈಸಿಕೊಂಡ ಮಕ್ಕಳು ಅವು. ಬೈದವರು ಸಾವಿರ ಜನ, ಹೇಗೆಂದು ತೋರಿಸಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ನನ್ನ ಮಟ್ಟಿಗೆ ಮಾಂಟೆಸರಿ ಪದ್ಧತಿಯ ಎಲ್ಲ ಸಾಧನಗಳಿಗಿಂತ ಈ ಚಪ್ಪಾಳೆಗೆ ತೂಕ ಹೆಚ್ಚು. ತನ್ನ ಮೈಯನ್ನು ತಾನು ನೋಡಿಕೊಳ್ಳುವ ಕೆಲಸ ಆ ಮಕ್ಕಳಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಸ್ಪಂಜು ಹಿಡಿದ ನಮ್ಮ ಹುಡುಗನಿಗೆ ಅದು ಸುಖದ ವಿಷಯ. ಎರಡೂ ಒಳ್ಳೆಯದೇ, ಆದರೆ ಎರಡೂ ಒಂದೇ ಅಲ್ಲ.

ಇದೇ ಜಾಗದಲ್ಲಿ ಗಾಂಧಿಯ ನೆನಪಾಗುತ್ತದೆ. 1931ರ ಅಕ್ಟೋಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧಿ ಅಲ್ಲಿನ ಮಾಂಟೆಸರಿ ತರಬೇತಿ ಕಾಲೇಜಿನಲ್ಲಿ ಮಾತಾಡಿದರು, ಮಾಂಟೆಸರಿಯೂ ಇದ್ದರು. ಆರು ವರ್ಷದ ಮೇಲೆ ವಾರ್ಧಾದಲ್ಲಿ ನಯೀ ತಾಲೀಮಿನ ಯೋಜನೆ ಮುಂದಿಟ್ಟಾಗ ಅದರ ನಡುವೆಯೂ ಇದ್ದದ್ದು ಕೈಯೇ. ಆದರೆ ಗಾಂಧಿಗೆ ಮಗುವಿನ ಕೈಯಿಂದ ನೂಲು ಬರಬೇಕು, ನೂಲು ಮಾರಿ ಶಾಲೆ ನಡೆಯಬೇಕು. ಮಾಂಟೆಸರಿಗೆ ಹೊರಗೆ ಬರುವ ವಸ್ತುವೇ ಮುಖ್ಯವಲ್ಲ. ಹೊಳೆಯುತ್ತಿರುವ ಹಿತ್ತಾಳೆ ಲೋಟವನ್ನು ಮಗು ಇನ್ನೊಮ್ಮೆ ಉಜ್ಜುತ್ತದಲ್ಲ, ಅಲ್ಲಿ ಬೆಳಗುತ್ತಿರುವುದು ಲೋಟವಲ್ಲ, ಮಗು. ಸಾನ್ ಲೊರೆಂಜೊದ ಪುಟ್ಟ ಹುಡುಗಿಯೊಬ್ಬಳು ಕಟ್ಟಿಗೆಯ ಗುಳಿಗಳಲ್ಲಿ ಸಿಲಿಂಡರುಗಳನ್ನು ಕೂಡಿಸುವುದನ್ನು ನಲವತ್ತಕ್ಕೂ ಹೆಚ್ಚು ಸಲ ಮಾಡಿದಳಂತೆ, ಸುತ್ತ ಮಕ್ಕಳು ಹಾಡಿದರೂ, ಕೂತ ಕುರ್ಚಿಯ ಸಮೇತ ಎತ್ತಿ ಮೇಜಿನ ಮೇಲಿಟ್ಟರೂ ನಿಲ್ಲಿಸದೆ. ಯಾವ ಕಾರ್ಖಾನೆಗೂ ಆ ಕೆಲಸದ ಅಗತ್ಯವಿಲ್ಲ. ಎಷ್ಟು ಯೋಚಿಸಿದರೂ ಈ ವಿಷಯದಲ್ಲಿ ನನ್ನ ಒಲವು ಮಾಂಟೆಸರಿಯ ಕಡೆಗೇ. ಐದು ವರ್ಷದ ಮಗುವಿನ ಕೈಯಿಂದ ಲಾಭ ಎಣಿಸತೊಡಗಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಬೀಡಿ ಕಟ್ಟುವ ಊರುಗಳನ್ನೂ ಊದಿನಕಡ್ಡಿ ಹೊಸೆಯುವ ಕೇರಿಗಳನ್ನೂ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಲಾಭವಿಲ್ಲದ ಕೆಲಸ ಮಾಡುವ ಪುರುಸೊತ್ತು ಯಾವ ಮಗುವಿಗಿದೆ? ಆಯಮ್ಮನ ಮಗಳು ಎರಡನೇ ಕ್ಲಾಸು. ಅಮ್ಮ ಏಳಕ್ಕೇ ಮನೆ ಬಿಡಬೇಕಾದ್ದರಿಂದ ನೀರು ಬಿಟ್ಟ ದಿನ ಹಿಡಿದಿಡುವುದು, ತಮ್ಮನಿಗೆ ತಿಂಡಿ ಕೊಟ್ಟು ತಲೆಬಾಚಿ ಅಂಗನವಾಡಿಗೆ ಬಿಡುವುದು ಅವಳ ಪಾಲಿಗೆ ಬಂದಿದೆ. ನಾಲ್ಕು ವರ್ಷದಿಂದಲೇ ಗುಡಿಸುತ್ತಾಳೆ. ಆಲ್ಬಮ್ಮಿನಲ್ಲಿ ಬರೆದಿರುವ ಜೀವನಕೌಶಲ್ಯಗಳಲ್ಲಿ ಅವಳಿಗೆ ಬಾರದ್ದು ಯಾವುದಿದೆಯೋ ನಾನರಿಯೆ. ಹಾಗಾದರೆ ಅವಳು ಮನೆಯಲ್ಲೇ ಮಾಂಟೆಸರಿ ಕಲಿತಳು ಎನ್ನೋಣವೇ? ಹಾಗೆ ಹೇಳಿ ನೆಮ್ಮದಿಯಾಗಿ ಕೂರುವವರನ್ನು ಕಂಡಿದ್ದೇನೆ. ಅವಳು ಎತ್ತುವ ಬಕೆಟ್ಟಿನ ಅಳತೆ ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ. ಕಿಟಕಿಯ ಪಕ್ಕದ ಹುಡುಗನ ಬಕೆಟ್ಟು ಅವನ ಕೈಗೆ ಸರಿಯಾಗಿ ಮಾಡಿಸಿದ್ದು, ಅವನಿಗೆ ಸಾಕೆನಿಸಿದಾಗ ಬಿಟ್ಟುಹೋಗಬಹುದು. ಇವಳದು ದೊಡ್ಡವರ ಬಕೆಟ್ಟು. ನಲ್ಲಿ ನಿಲ್ಲುವವರೆಗೆ ಇವಳು ನಿಲ್ಲುವಂತಿಲ್ಲ. ಚೆಲ್ಲಿದರೆ ಬೈಗುಳ. ಮಾಂಟೆಸರಿ ಕುರ್ಚಿ, ಮೇಜು, ಪೊರಕೆ, ಜಗ್ಗು ಎಲ್ಲವನ್ನೂ ಮಗುವಿನ ಅಳತೆಗೆ ಇಳಿಸಿದ್ದನ್ನು ನಾವು ಮುದ್ದಾದ ಅಲಂಕಾರ ಅಂದುಕೊಂಡಿದ್ದೇವೆ. ದುಡಿತಕ್ಕೂ ಕೆಲಸಕ್ಕೂ ನಡುವಿನ ಗೆರೆಯನ್ನು ಅವರು ಎಳೆದದ್ದು ಆ ಅಳತೆಯಲ್ಲೇ, ಮತ್ತು ನಿಲ್ಲಿಸುವ ಸ್ವಾತಂತ್ರ್ಯದಲ್ಲಿ.

ಈ ಗೆರೆಯನ್ನು ಭಾರತದಲ್ಲಿ ಸರಿಯಾಗಿ ಕಂಡವರು ಕೆಲವರಿದ್ದರು. ವಕೀಲಿ ಬಿಟ್ಟು ಮಕ್ಕಳ ನಡುವೆ ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದು, ಮಾಂಟೆಸರಿಯ ಜೊತೆಗೆ ಕಥೆ, ಹಾಡು, ನಾಟಕವನ್ನೆಲ್ಲ ಧಾರಾಳವಾಗಿ ಸೇರಿಸಿಕೊಂಡರು. ಕಟ್ಟುನಿಟ್ಟಿನ ಮಾಂಟೆಸರಿಗಳಿಗೆ ಅದು ಹಿಡಿಸುತ್ತಿತ್ತೋ ಇಲ್ಲವೋ. ಅವರ ಜೊತೆಗಿದ್ದ ತಾರಾಬಾಯಿ ಮೋಡಕ್ ಊರು ದಾಟಿ ಹಳ್ಳಿಗೆ ಹೋದರು. 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ, ಆಮೇಲೆ ಆದಿವಾಸಿಗಳ ಕೋಸಬಾಡದಲ್ಲಿ, ಅನುತಾಯಿ ವಾಘ್ ಜೊತೆ ಕೆಲಸ ಶುರುಮಾಡಿದರು. ವಿದೇಶದ ಸಾಧನ ತರಿಸುವ ದುಡ್ಡಿರಲಿಲ್ಲ, ತರಿಸುವ ಮನಸ್ಸೂ ಇರಲಿಲ್ಲ. ಬೀಜ, ಎಲೆ, ಕಪ್ಪೆಚಿಪ್ಪು, ಕಲ್ಲು, ಅಲ್ಲಿ ಸಿಕ್ಕಿದ್ದೇ ಸಾಧನ. ಮಕ್ಕಳು ಶಾಲೆಗೆ ಬರುತ್ತಿಲ್ಲವೆಂದಾಗ ಮಕ್ಕಳಿರುವ ಅಂಗಳಕ್ಕೇ ಶಾಲೆ ಹೋಯಿತು. ದನ ಕಾಯಲು ಹೋಗುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ದನ ಕಾಯುವ ಹೊರೆಯನ್ನು ಇಳಿಸಲು ಅವರಿಗೆ ಆಗಲಿಲ್ಲ. ಆ ಹೊರೆಯನ್ನು ಶಿಕ್ಷಣ ಎಂದು ಕರೆಯಲೂ ಇಲ್ಲ. ಅದರ ಪಕ್ಕದಲ್ಲಿ ಮಗುವಿಗಾಗಿ ಒಂದಿಷ್ಟು ಹೊತ್ತನ್ನು ಹೇಗೋ ಹೊಂಚಿದರು. ಇವತ್ತು ದೇಶದ ಪ್ರತಿ ಊರಲ್ಲೂ ಇರುವ ಅಂಗನವಾಡಿಗೆ ಆ ಅಂಗಳದ ಪ್ರಯೋಗಗಳ ಋಣವಿದೆ.

ಸರ್ಕಾರದ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಮಗು ಬದುಕುಳಿಯುವುದೇ ದೊಡ್ಡದಾಗಿದ್ದ ಕಾಲ. ಹೊಟ್ಟೆ, ತೂಕ, ಚುಚ್ಚುಮದ್ದು ಮುಂದೆ ಬಂದವು, ಕಲಿಕೆ ಹಿಂದೆ ಬಿತ್ತು. ಅದು ತಪ್ಪಲ್ಲ. ಮೊಟ್ಟೆ, ಹಾಲು ಸಿಗುವುದು ಅಲ್ಲೇ ಎಂಬ ಮನೆಗಳು ಈಗಲೂ ಇವೆ. 2024ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರೆ ನಮ್ಮ ಮಕ್ಕಳು ಅಲ್ಲಿಗೆ ಹೋಗಿಬಿಡುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ವರ್ಷ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸರಿ’ ಎಂಬ ಹೆಸರಿಟ್ಟು ಅಲ್ಲೇ ಎಲ್‌ಕೆಜಿ, ಯುಕೆಜಿ ಎಂದಿತು ಸರ್ಕಾರ. ಮಾಂಟೆಸರಿಯಲ್ಲಿ ಎಲ್‌ಕೆಜಿ ಎಂಬುದೇ ಇಲ್ಲ, ವಯಸ್ಸುಗಳನ್ನು ಬೆರೆಸುವುದೇ ಅದರ ಬುಡ. ಇರಲಿ, ಹೆಸರಿನ ಬಗ್ಗೆ ಗೊಣಗುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಬಡವರ ಕೋಣೆಯಿಂದ ಹೊರಟದ್ದು ನೂರು ವರ್ಷ ಸುತ್ತಾಡಿ ಬಡವರ ಕೋಣೆಯ ಬಾಗಿಲಿಗೆ ಬಂದು ನಿಂತಿದೆ ಎಂದು ಸಂತೋಷಪಡಲೂ ಕಾರಣವಿದೆ.

ವಿಚಿತ್ರವೆಂದರೆ, ಬೆಂಗಳೂರಿನ ಆ ಒಳ್ಳೆಯ ಶಾಲೆಯಲ್ಲಿ ಸಾಧ್ಯವಾಗದ್ದು ಇಲ್ಲಿ ಸಾಧ್ಯವಾಗಬಹುದು. ಅಂಗನವಾಡಿಯಲ್ಲಿ ಇರುವುದು ಇಬ್ಬರು: ಕಾರ್ಯಕರ್ತೆ, ಸಹಾಯಕಿ. ಇಬ್ಬರೂ ಅದೇ ಊರಿನವರು, ಆಡುವುದು ಅದೇ ಮಾತು. ಕಾರ್ಯಕರ್ತೆ ಸರ್ವೆಗೋ ಮೀಟಿಂಗಿಗೋ ಹೋದ ದಿನ ಮಕ್ಕಳಿಗೆ ಹಾಡು ಹೇಳಿಕೊಡುವವರೂ ಸಹಾಯಕಿಯೇ, ಉಪ್ಪಿಟ್ಟು ಮಾಡುವವರೂ ಅವರೇ. ಪಾಠದ ಕೈ, ಕೆಲಸದ ಕೈ ಎಂದು ಬೇರೆ ಬೇರೆ ಇಡುವಷ್ಟು ಅನುಕೂಲ ಅಲ್ಲಿಲ್ಲ. ತರಬೇತಿ ಕೊಡುವವರು ಸಹಾಯಕಿಯನ್ನೂ ಕರೆದು ಕೂರಿಸಿದರೆ, ಮಗು ತಟ್ಟೆ ತೊಳೆಯುವಾಗ ಅವರು ಪಕ್ಕದಲ್ಲಿ ತಮ್ಮ ಪಾತ್ರೆ ತೊಳೆಯುತ್ತಿದ್ದರೆ, ಆ ಮಗು ಹೀರಿಕೊಳ್ಳುವುದು ಬೇರೆಯೇ ಆಗಿರುತ್ತದೆ. ಇಂಥ ಯೋಚನೆಗಳು ಬೆಂಗಳೂರಿನಲ್ಲಿ ಕೂತು ಸಲೀಸಾಗಿ ಬರುತ್ತವೆ ಎಂಬ ಅನುಮಾನವೂ ನನಗಿದೆ. ಅದಕ್ಕೇ ನರಸೀಪುರದ ಕಡೆ ಹೋದಾಗ ಒಬ್ಬ ಕಾರ್ಯಕರ್ತೆಯ ಮುಂದೆ ಇದನ್ನೆಲ್ಲ ಇಟ್ಟೆ. ಗುಲಾಬಿ ಗೋಪುರ ಬೇಡ, ಮೊದಲು ಮಕ್ಕಳ ಕೈಗೆ ಎಟಕುವ ಹಾಗೆ ಒಂದು ನಲ್ಲಿ ಹಾಕಿಸಿದರೆ ಅರ್ಧ ಮಾಂಟೆಸರಿ ಬಂದ ಹಾಗೆ ಎಂದೆ.

“ಎತ್ತರದ ಮಾತು ಆಮೇಲೆ ಮೇಡಂ, ಇರೋ ನಲ್ಲೀಲಿ ಮೊದ್ಲು ನೀರು ಬರಂಗೆ ಮಾಡ್ಸಿ” ಎಂದರು ಆಕೆ. ಬೋರು ಕೆಟ್ಟು ಆಗಲೇ ಬಹಳ ದಿನವಾಗಿತ್ತಂತೆ. ಆಮೇಲೆ ತಮ್ಮ ಪಟ್ಟಿ ಶುರುಮಾಡಿದರು: ಮೊಬೈಲಿನಲ್ಲಿ ದಿನಾ ಫೋಟೊ ಹಾಕುವ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡಬೇಕು, ಸಹಾಯಕಿಗೆ ಒಲೆಯ ಮುಂದಿನಿಂದ ಏಳಲು ಒಂದು ಗಂಟೆಯಾದರೂ ಸಿಗಬೇಕು, ಮಳೆ ಬಂದರೆ ಸೋರುವ ಮೂಲೆಗೆ ಶೀಟು ಹಾಕಿಸಬೇಕು. ನಾನು ಹೇಳಿದ್ದರಲ್ಲಿ ಮಗುವಿನ ಅಳತೆಯ ಚಿಕ್ಕ ಪೊರಕೆಯ ವಿಷಯ ಮಾತ್ರ ಅವರಿಗೆ ಹಿಡಿಸಿತ್ತು. ಪೇಟೆಯಿಂದ ತರಿಸಿ ಕೊಡಲೇ ಎಂದಾಗ ತಲೆಯಾಡಿಸಿ, ಒಳಗೆ ಕೂತು ತರಕಾರಿ ಹೆಚ್ಚುತ್ತಿದ್ದ ಸಹಾಯಕಿಯನ್ನು ತೋರಿಸಿದರು. “ಪೇಟೇದು ಯಾಕೆ, ತೆಂಗಿನಗರಿ ಸುಲಿದು ಇವ್ರೇ ಕಟ್ತಾರೆ. ಮೂರು ವರ್ಸದ ಮಗೀಗೆ ಎಷ್ಟುದ್ದ ಇರ್ಬೇಕು, ಅಳತೆ ಹೇಳಿ.”